ದಾಳಕ್ಕೆ ಮೊದಲು ದಿನ: ಬಹುಕಾಲ ಉಳಿಯುವ ರೋಲ್‌ಪ್ಲೇಯಿಂಗ್ ಗುಂಪು ಕಟ್ಟುವ ಸಮಗ್ರ ಮಾರ್ಗದರ್ಶಿ

ರೂಲ್‌ಬುಕ್ ಓದಿ ಮುಗಿದಿದೆ, ಏಳು ದಾಳಗಳ ಪುಟ್ಟ ಚೀಲ ಕೈಯಲ್ಲಿದೆ, ತಲೆಯೊಳಗೆ ಒಂದು ಪಾಳುಕೋಟೆಯ ಕಥೆಯೂ ಸಿದ್ಧವಾಗಿದೆ. ಇಲ್ಲದಿರುವುದು ಆಡುವ ಜನ ಮಾತ್ರ. ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳಿಗೆ ಮನಸೋತವರಲ್ಲಿ ಬಹಳಷ್ಟು ಮಂದಿ ಬಂದು ನಿಲ್ಲುವುದು ಇಲ್ಲಿಯೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟವಾದ ಮೇಲೆ ನಿಯಮಗಳು ಎಷ್ಟೋ ಸಲ ಬದಲಾಗಿವೆ, ನೂರಾರು ಹೊಸ ಆಟಗಳು ಹುಟ್ಟಿವೆ. ಆದರೂ ಮೂಲ ಅಗತ್ಯ ಹಾಗೆಯೇ ಉಳಿದಿದೆ: ಸಾಮಾನ್ಯವಾಗಿ ಒಬ್ಬರು ಕಥೆಯ ಲೋಕವನ್ನು ನಡೆಸಬೇಕು, ಮೂರರಿಂದ ಐದು ಮಂದಿ ಪಾತ್ರಗಳಾಗಿ ಅದರೊಳಗೆ ಓಡಾಡಬೇಕು, ಇವರೆಲ್ಲ ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಗುಂಪು ಒಡೆಯಲು ಕೆಟ್ಟ ಕಥೆ ಕಾರಣವಾಗುವುದು ಅಪರೂಪ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನ ಗೊತ್ತುಮಾಡದೆ ಜನರನ್ನು ಕರೆದದ್ದು, ಒಬ್ಬರು ಬಾರದಿದ್ದರೆ ಎಲ್ಲರ ಆಟವನ್ನೂ ನಿಲ್ಲಿಸಿದ್ದು, ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ವರ್ಷಗಟ್ಟಲೆಯ ಕ್ಯಾಂಪೇನ್‌ಗೆ, ಅಂದರೆ ಹಲವು ಭೇಟಿಗಳಲ್ಲಿ ಮುಂದುವರಿಯುವ ಒಂದೇ ಕಥೆಗೆ, ಮಾತು ಕೊಟ್ಟದ್ದು, ಹೆಚ್ಚಿನ ಗುಂಪುಗಳು ಮುಗಿಯುವುದು ಇವುಗಳಿಂದ. ಆದ್ದರಿಂದ ಕಥೆ ಹೆಣೆಯುವ ಕಲೆಯ ಬಗ್ಗೆ ಇಲ್ಲಿ ಹೆಚ್ಚೇನೂ ಸಿಗದು. ಮೊದಲ ದಾಳ ಉರುಳುವ ಮುನ್ನ ತೀರ್ಮಾನವಾಗಬೇಕಾದ ಸಂಗತಿಗಳೇ ಇಲ್ಲಿ ಹೆಚ್ಚು.

ಹೆಸರಿನ ಬಗ್ಗೆ ಒಂದು ಸೂಚನೆ. ಆಟ ನಡೆಸುವವರನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಡಂಜನ್ ಮಾಸ್ಟರ್ ಎನ್ನುತ್ತಾರೆ, ಕಾಲ್ ಆಫ್ ಕಥುಲುವಿನಲ್ಲಿ ಕೀಪರ್. ನಾನು ಎಲ್ಲ ಕಡೆ ಗೇಮ್ ಮಾಸ್ಟರ್ ಎಂದೇ ಬರೆಯುತ್ತೇನೆ.

ಹಂತ 1: ಕರೆಯುವುದು ಒಂದು ಸಂಜೆಗೆ ಮಾತ್ರ

"ಒಂದು ಕ್ಯಾಂಪೇನ್ ಶುರುಮಾಡುತ್ತಿದ್ದೇನೆ, ವರ್ಷವಿಡೀ ನಡೆಯುತ್ತದೆ, ಬರುತ್ತೀರಾ?" ಎಂದು ಕೇಳಿದರೆ ಈ ಆಟವನ್ನು ಎಂದೂ ಆಡದವರು ಏನೆಂದಾರು? ನೇರ ಸ್ವಭಾವದವರು ಬೇಡ ಎನ್ನುತ್ತಾರೆ. ದಾಕ್ಷಿಣ್ಯದವರು ಹೂಂ ಎಂದು ಮೂರನೆಯ ವಾರಕ್ಕೆ ಮಾಯವಾಗುತ್ತಾರೆ. ಗುಂಪಿಗೆ ಹೆಚ್ಚು ಹಾನಿ ಎರಡನೆಯವರಿಂದಲೇ, ಏಕೆಂದರೆ ಅಷ್ಟರಲ್ಲಿ ಅವರ ಪಾತ್ರದ ಸುತ್ತ ಕಥೆ ಬೆಳೆದಿರುತ್ತದೆ. ಒಂದೇ ಸಂಜೆಯಲ್ಲಿ ಆರಂಭವಾಗಿ ಮುಗಿಯುವ ಆಟಕ್ಕೆ, ಅಂದರೆ ಒನ್-ಶಾಟ್‌ಗೆ, ಕರೆಯಿರಿ. ಇಷ್ಟವಾಗದಿದ್ದರೆ ಅವರು ಕಳೆದುಕೊಳ್ಳುವುದು ಮೂರು ಗಂಟೆ, ನೀವೂ ಅಷ್ಟೇ.

ಯಾವ ಆಟ? ಹತ್ತು ನಿಮಿಷದಲ್ಲಿ ನೀವು ವಿವರಿಸಬಲ್ಲ ಯಾವುದಾದರೂ ಆಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹೆಸರನ್ನು ಆಡದವರೂ ಕೇಳಿರುತ್ತಾರೆ, ಅದರ ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ. ಆದ್ದರಿಂದ ಜನ ಸೇರಿಸುವುದು ಅದರಲ್ಲಿ ಸುಲಭ. ಆದರೆ ಹೊಸಬರಿಗೆ ಅದೇ ಅತಿ ಸುಲಭದ ಆಟ ಎಂದು ನಾನು ಒಪ್ಪುವುದಿಲ್ಲ. ಪತ್ತೇದಾರಿ ಕಥೆಗಳ ಓದುಗರಿಗೆ 1981ರಲ್ಲಿ ಬಂದ ಕಾಲ್ ಆಫ್ ಕಥುಲು ಬೇಗ ಹತ್ತುತ್ತದೆ. ಅಲ್ಲಿ ಕೌಶಲಗಳೆಲ್ಲ ಶೇಕಡಾ ಲೆಕ್ಕದಲ್ಲಿರುತ್ತವೆ. ಗ್ರಂಥಾಲಯದಲ್ಲಿ ಹುಡುಕುವ ಸಾಮರ್ಥ್ಯ 60 ಎಂದಿದ್ದರೆ ನೂರರವರೆಗಿನ ದಾಳದಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆದ್ದಂತೆ, ವಿವರಣೆ ಅಲ್ಲಿಗೆ ಮುಗಿಯಿತು. ಇದರ ಪ್ರಾಥಮಿಕ ನಿಯಮಗಳ ಪುಸ್ತಿಕೆಯೂ ಉಚಿತ, ಅದರಲ್ಲಿ ಆಡಲು ಸಿದ್ಧವಾದ ಒಂದು ಕಥೆಯೂ ಇದೆ. ಇನ್ನೂ ಹಗುರವಾದದ್ದು ಬೇಕಿದ್ದರೆ ಜಾನ್ ಹಾರ್ಪರ್ ಅವರ ಲೇಸರ್ಸ್ ಅಂಡ್ ಫೀಲಿಂಗ್ಸ್ ಇದೆ. ಇಡೀ ಆಟ ಒಂದೇ ಹಾಳೆಯಲ್ಲಿದೆ, ನಿಮ್ಮ ಪಾತ್ರಕ್ಕಿರುವುದು 2ರಿಂದ 5ರ ನಡುವಿನ ಒಂದೇ ಒಂದು ಅಂಕಿ. ತಣ್ಣನೆಯ ತರ್ಕದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಭಾವನೆಯ ಕೆಲಸಕ್ಕೆ ಮೇಲೆ. ಗೇಮ್ ಮಾಸ್ಟರ್ ಆಗಲು ಯಾರೂ ಮುಂದೆ ಬರದಿದ್ದರೆ 2009ರ ಫಿಯಾಸ್ಕೊ ನೋಡಿ. ಮೂರರಿಂದ ಐದು ಮಂದಿ, ಗೇಮ್ ಮಾಸ್ಟರ್ ಇಲ್ಲವೇ ಇಲ್ಲ. ಸಣ್ಣಪುಟ್ಟ ಕಳ್ಳರ ದೊಡ್ಡ ಯೋಜನೆಯೊಂದು ಹೇಗೆ ಹಳ್ಳ ಹಿಡಿಯುತ್ತದೆ ಎಂಬ ಕಥೆಯನ್ನು ಎಲ್ಲರೂ ಸೇರಿ ಒಂದು ಸಂಜೆಯಲ್ಲಿ ಕಟ್ಟುತ್ತಾರೆ.

ಆಟಗಾರರಾಗಿ ಕುಳಿತುಕೊಳ್ಳುವ ಆಸೆ ನಿಮಗಿರಬಹುದು. ಆದರೂ ಮೊದಲ ಸಂಜೆಯನ್ನು ನೀವೇ ನಡೆಸಿ. ಆಡಲು ಕಾದಿರುವವರು ಎಲ್ಲೆಡೆ ಹೆಚ್ಚು, ನಡೆಸುವವರು ಕಡಿಮೆ. "ನನ್ನನ್ನು ಸೇರಿಸಿಕೊಳ್ಳಿ" ಎಂದು ಕೇಳುವವರು ತಿಂಗಳುಗಟ್ಟಲೆ ಕಾಯುತ್ತಿರುವಾಗ "ನಾನು ನಡೆಸುತ್ತೇನೆ, ಬನ್ನಿ" ಎಂದವರ ಮೇಜು ತುಂಬುತ್ತದೆ. ಚೆನ್ನಾಗಿ ನಡೆಸಲು ಬರಬೇಕೆಂದೇನೂ ಇಲ್ಲ. ಮೊದಲ ಸಲ ಆಡುವವರಿಗೆ ಹೋಲಿಸಿ ನೋಡಲು ಬೇರೊಬ್ಬ ಗೇಮ್ ಮಾಸ್ಟರ್ ಇರುವುದಿಲ್ಲ.

ಹಂತ 2: ಜನರಿಗಿಂತ ಮೊದಲು ದಿನ

ಮೊದಲು ಐದು ಜನರನ್ನು ಒಟ್ಟುಮಾಡಿ ಆಮೇಲೆ "ಎಲ್ಲರಿಗೂ ಯಾವಾಗ ಬಿಡುವು?" ಎಂದು ಕೇಳುವುದು ವಾಡಿಕೆ. ನನ್ನ ಪ್ರಕಾರ ಇದು ತಲೆಕೆಳಗಾದ ಕ್ರಮ. ಐವರ ಕೆಲಸ, ಮನೆ, ಪರೀಕ್ಷೆ, ಪ್ರಯಾಣ ಇವೆಲ್ಲವನ್ನೂ ತಪ್ಪಿಸಿಕೊಂಡು ಉಳಿಯುವ ಹೊತ್ತು ಎಂದರೆ ಯಾರಿಗೂ ಇಷ್ಟವಿಲ್ಲದ ಹೊತ್ತು. ಬದಲಿಗೆ ನಿಮಗೆ ಹೊಂದುವ ದಿನವನ್ನು, ಸಮಯವನ್ನು, ಎಷ್ಟು ವಾರಕ್ಕೊಮ್ಮೆ ಎಂಬುದನ್ನು ಮೊದಲೇ ಗೊತ್ತುಮಾಡಿ, ಅದು ಹೊಂದುವ ಜನರನ್ನು ಹುಡುಕಿ. ಕರೆಯಬೇಕೆಂದಿದ್ದ ಒಬ್ಬ ಆಪ್ತ ಗೆಳೆಯ ಇದರಿಂದ ತಪ್ಪಿಹೋಗಬಹುದು. ಸಹಿಸಿಕೊಳ್ಳಿ.

ಮೂರು ಗಂಟೆ ಸಾಕು. ನಾಲ್ಕು ದಾಟಿದರೆ ಹೊಸಬರ ಗಮನ ಸೋರಿಹೋಗುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಎರಡು ವಾರಕ್ಕೊಮ್ಮೆ ಎಂಬುದೇ ನನ್ನ ಉತ್ತರ. ವಾರಕ್ಕೊಮ್ಮೆ ನಡೆದರೆ ಕಥೆಯ ಬಿಸಿ ಆರುವುದಿಲ್ಲ ನಿಜ, ಆದರೆ ಸಂಸಾರಸ್ಥರು ಬಹುಕಾಲ ತಾಳಲಾರರು. ತಿಂಗಳಿಗೊಮ್ಮೆ ಎಂದರೆ ಒಂದು ಭೇಟಿ ತಪ್ಪಿದರೂ ಎರಡು ತಿಂಗಳ ಅಂತರ ಬೀಳುತ್ತದೆ; ಆ ಹೊತ್ತಿಗೆ ಖಳನಾಯಕನ ಹೆಸರೇ ಯಾರಿಗೂ ನೆನಪಿರುವುದಿಲ್ಲ.

ಇನ್ನು ಕನಿಷ್ಠ ಹಾಜರಿ. ಇದಕ್ಕೆ ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ನಿಮ್ಮಲ್ಲಿ ಐವರು ಆಟಗಾರರಿದ್ದಾರೆ, ಪ್ರತಿಯೊಬ್ಬರೂ ನೂರರಲ್ಲಿ 85 ಸಲ ಬರುವಷ್ಟು ನಂಬಿಗಸ್ತರು, ಒಬ್ಬರ ಗೈರುಹಾಜರಿಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಿ. ಐವರೂ ಒಟ್ಟಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 44 ಮಾತ್ರ. ಅಂದರೆ ಎಲ್ಲರೂ ಇದ್ದರೆ ಮಾತ್ರ ಆಟ ಎಂಬ ನಿಯಮವಿಟ್ಟರೆ ಅರ್ಧಕ್ಕಿಂತ ಹೆಚ್ಚು ಸಂಜೆಗಳು ರದ್ದಾಗುತ್ತವೆ, ಅದೂ ಯಾರದ್ದೂ ದೊಡ್ಡ ತಪ್ಪಿಲ್ಲದೆ. ನಾಲ್ವರಿದ್ದರೆ ಸಾಕು ಎಂದರೆ ಸಾಧ್ಯತೆ ಸುಮಾರು 84ಕ್ಕೆ ಏರುತ್ತದೆ. ಮೂವರಿದ್ದರೂ ಆಡುತ್ತೇವೆ ಎಂದರೆ 97. ಅದೇ ಜನ, ಅದೇ ಕಥೆ; ಬದಲಾದದ್ದು ಒಂದೇ ಒಂದು ನಿಯಮ. ಜನ ಬೇಸತ್ತು ಬಿಡುವುದು ಆಟಕ್ಕಲ್ಲ, ರದ್ದಾಗುವುದಕ್ಕೆ. ಎರಡು ಸಲ ಸತತವಾಗಿ ರದ್ದಾದ ಗುಂಪಿನವರು ಮೂರನೆಯ ಸಲದ ಸಂಜೆಗೆ ಬೇರೆ ಕೆಲಸ ಒಪ್ಪಿಕೊಂಡಿರುತ್ತಾರೆ.

ಆದ್ದರಿಂದ ಐವರ ಗುಂಪಿಗೆ ಮೂವರು, ನಾಲ್ವರ ಗುಂಪಿಗೆ ಇಬ್ಬರು ಅಥವಾ ಮೂವರು ಎಂದು ಮೊದಲೇ ನಿಗದಿಪಡಿಸಿ, ಕರೆಯುವಾಗಲೇ ತಿಳಿಸಿಬಿಡಿ. ಆರಕ್ಕಿಂತ ಹೆಚ್ಚು ಆಟಗಾರರನ್ನು ಮಾತ್ರ ಸೇರಿಸಬೇಡಿ. ಒಬ್ಬೊಬ್ಬರ ಸರದಿಗೆ ಕಾಯುವುದೇ ಆಟವಾಗಿಬಿಡುತ್ತದೆ.

ಹಂತ 3: ಜನರನ್ನು ಎಲ್ಲಿ ಹುಡುಕುವುದು

ಪರಿಚಿತರಿಂದ ಆರಂಭಿಸಿ. ಈ ಆಟ ಗೊತ್ತಿರುವವರನ್ನೇ ಹುಡುಕಬೇಕಾಗಿಲ್ಲ. ನಾಟಕದಲ್ಲಿ ಪಾತ್ರ ಮಾಡಿದವರು, ಕಾದಂಬರಿ ಓದಿ ಪಾತ್ರಗಳ ಬಗ್ಗೆ ಜಗಳವಾಡುವವರು, ಬೋರ್ಡ್ ಗೇಮ್ ಆಡುವವರು, ವಿಡಿಯೊ ಗೇಮ್‌ನಲ್ಲಿ ಹೊಡೆದಾಟಕ್ಕಿಂತ ಸಂಭಾಷಣೆಗೆ ಹೆಚ್ಚು ಹೊತ್ತು ಕೊಡುವವರು, ಮಕ್ಕಳಿಗೆ ದಿನವೂ ಹೊಸ ಕಥೆ ಕಟ್ಟಿ ಹೇಳುವವರು, ಇವರೆಲ್ಲ ಅರ್ಧ ದಾರಿ ಬಂದವರೇ. ಕಾದಂಬರಿ ಓದುಗರು ಇದರಲ್ಲಿ ಬಹಳ ಚೆನ್ನಾಗಿ ಆಡುತ್ತಾರೆ, ಆದರೆ ಅವರನ್ನು ಕೇಳುವವರೇ ಕಡಿಮೆ.

ಕೇಳುವಾಗ ಇಪ್ಪತ್ತು ಜನರ ವಾಟ್ಸ್‌ಆ್ಯಪ್ ಗುಂಪಿಗೆ "ಯಾರಿಗಾದರೂ ಆಸಕ್ತಿ ಇದೆಯೇ?" ಎಂದು ಹಾಕಬೇಡಿ. ಎಲ್ಲರೂ ಇನ್ನೊಬ್ಬರು ಉತ್ತರಿಸಲಿ ಎಂದು ಕಾಯುತ್ತಾರೆ. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ, ಕಾರಣ ಹೇಳಿ ಕೇಳಿ: "ನೀನು ಪತ್ತೇದಾರಿ ಕಥೆ ಓದುವಾಗ ಕೊಲೆಗಾರನನ್ನು ಅರ್ಧದಲ್ಲೇ ಹಿಡಿಯುತ್ತೀಯಲ್ಲ, ಶನಿವಾರ ಸಂಜೆ ಒಂದು ಆಟ ನಡೆಸುತ್ತಿದ್ದೇನೆ, ಪತ್ತೇದಾರ ನೀನೇ. ಮೂರು ಗಂಟೆ. ನಿಯಮ ಏನೂ ಗೊತ್ತಿರಬೇಕಾಗಿಲ್ಲ." ಹೀಗೆ ಕೇಳಿದಾಗ ಬೇಡ ಎನ್ನಲೂ ಅವರಿಗೆ ಸುಲಭ, ಹೌದು ಎನ್ನಲೂ ಸುಲಭ.

ಪರಿಚಿತರಲ್ಲಿ ಇಬ್ಬರು ಸಿಕ್ಕರೂ ಉಳಿದವರನ್ನು ಹೊರಗೆ ಹುಡುಕಬಹುದು. ಬೋರ್ಡ್ ಗೇಮ್ ಅಂಗಡಿಗಳು ಮತ್ತು ಕೆಫೆಗಳು, ಗ್ರಂಥಾಲಯಗಳು, ಕಾಲೇಜಿನ ಕ್ಲಬ್‌ಗಳು ಸಾಮಾನ್ಯವಾಗಿ ಸೂಚನಾ ಫಲಕದಲ್ಲಿ ಒಂದು ಚೀಟಿ ಅಂಟಿಸಲು ಬಿಡುತ್ತವೆ. ಆಟಗಳ ಸಮ್ಮೇಳನಗಳಲ್ಲಿ ಅಪರಿಚಿತರ ಜೊತೆ ಒಂದೇ ದಿನ ಎರಡು ಮೂರು ಆಟ ಆಡಬಹುದು; 1968ರಲ್ಲಿ ಆರಂಭವಾದ ಅಮೆರಿಕದ ಜೆನ್ ಕಾನ್ ಇವುಗಳಲ್ಲಿ ಬಹಳ ಹಳೆಯದು. ಸಂಘಟಿತ ಆಟದ ವ್ಯವಸ್ಥೆಗಳೂ ಇವೆ. 2008ರಿಂದ ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಪಾತ್‌ಫೈಂಡರ್ ಸೊಸೈಟಿ ಮತ್ತು 2014ರಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಡ್ವೆಂಚರರ್ಸ್ ಲೀಗ್ ಸಾರ್ವಜನಿಕ ಮೇಜುಗಳಲ್ಲಿ ಆಟ ನಡೆಸುತ್ತ ಬಂದಿವೆ. ಅಲ್ಲಿ ಒಂದು ಮೇಜಿನಲ್ಲಿ ಬೆಳೆಸಿದ ಪಾತ್ರವನ್ನು ಇನ್ನೊಂದು ಮೇಜಿಗೆ ಒಯ್ಯಬಹುದು. ಅಂತಹ ಕಡೆ ಹೋಗುವಾಗ ನಿಮ್ಮ ಗುರಿ ಆಟ ಮಾತ್ರ ಆಗಿರಬಾರದು. ಯಾರು ಇನ್ನೊಬ್ಬರ ಮಾತು ಪೂರ್ತಿ ಕೇಳುತ್ತಾರೆ, ಯಾರು ಹೊಸಬರಿಗೆ ಹಾಳೆ ತೋರಿಸಿ ನೆರವಾಗುತ್ತಾರೆ ಎಂದು ಗಮನಿಸಿ, ಮುಗಿದ ಮೇಲೆ ಅವರನ್ನೇ ಮಾತಾಡಿಸಿ.

ಅಂತರ್ಜಾಲದಲ್ಲಿ ರೋಲ್20 ತಾಣದಲ್ಲಿ ಆಟಗಾರರನ್ನು ಹುಡುಕುವ ವಿಭಾಗವೇ ಇದೆ, ರೆಡ್ಡಿಟ್‌ನಲ್ಲಿ ಇದಕ್ಕೇ ಮೀಸಲಾದ ತಾಣವಿದೆ, ಬಹುತೇಕ ಆಟಗಳಿಗೆ ಡಿಸ್ಕಾರ್ಡ್ ಬಳಗಗಳಿವೆ. ಇಲ್ಲಿ ಜನಕ್ಕೆ ಬರವಿಲ್ಲ, ಆರಿಸಿಕೊಳ್ಳುವುದೇ ಶ್ರಮ. ನಾಲ್ಕು ಜಾಗಕ್ಕೆ ನಲವತ್ತು ಅರ್ಜಿ ಬಂದರೂ ಆಶ್ಚರ್ಯವಿಲ್ಲ.

ಹಂತ 4: ಪ್ರಕಟಣೆ ಬರೆಯುವುದು

"ಹೊಸ ಕ್ಯಾಂಪೇನ್, ಅದ್ಭುತ ಕಥೆ, ಆಸಕ್ತರು ಸಂಪರ್ಕಿಸಿ" ಎಂಬ ಸಾಲಿಗೆ ಬರುವುದು ಕೆಲಸಕ್ಕೆ ಬಾರದ ಉತ್ತರಗಳು, ಏಕೆಂದರೆ ಅದರಲ್ಲಿ ಓದುಗರು ತಮ್ಮನ್ನು ತಾವೇ ಜರಡಿ ಹಿಡಿದುಕೊಳ್ಳಲು ಬೇಕಾದ ಒಂದು ವಿವರವೂ ಇಲ್ಲ. ಒಳ್ಳೆಯ ಪ್ರಕಟಣೆಯ ಕೆಲಸ ಅರ್ಧದಷ್ಟು ಜನರನ್ನು ದೂರ ಇಡುವುದು. ಹೀಗೆ ಬರೆಯಬಹುದು:

"ಒಂದು ಸಂಜೆಯ ತನಿಖೆಯ ಆಟ, ಹೊಸಬರಿಗೆ ಆದ್ಯತೆ. ಕಾಲ್ ಆಫ್ ಕಥುಲು. ಬರುವ ಶನಿವಾರ ಸಂಜೆ 4ರಿಂದ 7ರವರೆಗೆ, ಎದುರುಬದುರು ಕುಳಿತು. ಮೂವರಿಗೆ ಜಾಗವಿದೆ, ಇಬ್ಬರು ಈಗಾಗಲೇ ಬರುತ್ತಿದ್ದಾರೆ. ಹೊಡೆದಾಟ ಕಡಿಮೆ, ಮಾತುಕತೆ ಮತ್ತು ಹುಡುಕಾಟ ಹೆಚ್ಚು, ಸ್ವಲ್ಪ ಭಯ. ಪಾತ್ರ, ದಾಳ, ನಿಯಮ ಎಲ್ಲವನ್ನೂ ನಾನೇ ತರುತ್ತೇನೆ. ವಯಸ್ಕರಿಗೆ ಮಾತ್ರ. ಎಲ್ಲರಿಗೂ ಹಿಡಿಸಿದರೆ ಮುಂದೆ ಎರಡು ವಾರಕ್ಕೊಮ್ಮೆ ಇದೇ ಹೊತ್ತಿಗೆ ಆಡುವ ಯೋಚನೆಯಿದೆ. ಆ ಬಗ್ಗೆ ಈಗಲೇ ಮಾತು ಕೊಡಬೇಕಾಗಿಲ್ಲ. ಬರುವುದಾದರೆ ಎರಡು ಸಾಲು ಬರೆಯಿರಿ: ಇತ್ತೀಚೆಗೆ ನಿಮಗೆ ಇಷ್ಟವಾದ ಕಥೆ ಯಾವುದು, ಆಟದಲ್ಲಿ ಬೇಡವೇ ಬೇಡ ಎನಿಸುವ ವಿಷಯ ಏನಾದರೂ ಇದೆಯೇ?"

ಕೊನೆಯ ಎರಡು ಪ್ರಶ್ನೆಗಳನ್ನು ಬಿಡಬೇಡಿ. ಉತ್ತರ ಏನು ಎಂಬುದಕ್ಕಿಂತ ಉತ್ತರಿಸಿದರೇ ಎಂಬುದು ಮುಖ್ಯ. ಪ್ರಕಟಣೆಯನ್ನು ಪೂರ್ತಿ ಓದದೆ "ನಾನು ಸಿದ್ಧ" ಎಂದಷ್ಟೇ ಬರೆದವರು ಶನಿವಾರದ ಸಮಯವನ್ನೂ ಓದಿರುವುದಿಲ್ಲ. ಆಟ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ ಬರುವಂತಿದ್ದರೆ ಅದನ್ನೂ ಸೇರಿಸಿ.

ಹಂತ 5: ಭೇಟಿಗೆ ಮೊದಲು ಹದಿನೈದು ನಿಮಿಷದ ಮಾತು

ಅಪರಿಚಿತರಾದರೆ ಫೋನಿನಲ್ಲಿ ಮಾತಾಡಿ. ಇದು ಸಂದರ್ಶನವಾಗಬಾರದು, ಅವರಿಗೂ ನಿಮ್ಮನ್ನು ಅಳೆಯುವ ಅವಕಾಶ ಅದು. ಹಿಂದೆ ಆಡಿದ್ದರೆ ಆ ಗುಂಪು ಏಕೆ ನಿಂತಿತು ಎಂದು ಕೇಳಿ. ಉತ್ತರದಲ್ಲಿ ಉಳಿದವರೆಲ್ಲ ಮೂರ್ಖರು, ತಾವೊಬ್ಬರೇ ಸರಿ ಎಂಬ ಧಾಟಿ ಇದ್ದರೆ ಮುಂದಿನ ಕಥೆಯಲ್ಲಿ ಮೂರ್ಖರ ಪಟ್ಟಿಗೆ ಸೇರುವವರು ನೀವು.

ಮೊದಲ ಭೇಟಿ ಸಾರ್ವಜನಿಕ ಸ್ಥಳದಲ್ಲಿರಲಿ, ಯಾರ ಮನೆಯಲ್ಲೂ ಬೇಡ. ಹದಿನೆಂಟರೊಳಗಿನವರನ್ನು ಸೇರಿಸಿಕೊಳ್ಳುವುದಾದರೆ ಮೊದಲು ಅವರ ಪಾಲಕರೊಡನೆ ಮಾತಾಡಿ.

ಹಂತ 6: ಮೊದಲ ಸಂಜೆ

ಪಾತ್ರಗಳನ್ನು ಮೊದಲೇ ಸಿದ್ಧಪಡಿಸಿಡಿ, ಬರುವವರ ಸಂಖ್ಯೆಗಿಂತ ಎರಡು ಹೆಚ್ಚು. ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರಗಳ ಹಾಳೆ, ತುಂಬಿಸುವುದರಲ್ಲೇ ಒಂದೂವರೆ ಗಂಟೆ ಕಳೆದರೆ ಹೊಸಬರಿಗೆ ಇದೊಂದು ಅರ್ಜಿ ನಮೂನೆಯ ಆಟ ಎನಿಸುತ್ತದೆ. ಪ್ರತಿ ಪಾತ್ರದ ಹಾಳೆಯ ಮೇಲ್ತುದಿಯಲ್ಲಿ ಒಂದೇ ವಾಕ್ಯ ಬರೆಯಿರಿ: "ಅಣ್ಣನ ಸಾಲ ತೀರಿಸಲು ಏನನ್ನೂ ಕದಿಯಬಲ್ಲ ಬೀಗಗಾರ", "ಸತ್ತವರೊಡನೆ ಮಾತಾಡಬಲ್ಲೆನೆಂದು ಸುಳ್ಳು ಹೇಳಿ ಬದುಕುವ ಹೆಂಗಸು, ನಿನ್ನೆ ರಾತ್ರಿ ಮೊದಲ ಬಾರಿಗೆ ಉತ್ತರ ಬಂದಿದೆ." ಆಯ್ಕೆ ಮಾಡಲು ಅಷ್ಟು ಸಾಕು.

ನಿಯಮಗಳ ಉಪನ್ಯಾಸ ಬೇಡವೇ ಬೇಡ. ಕಥೆಯನ್ನು ನಡುವಿನಿಂದ ಎತ್ತಿಕೊಳ್ಳಿ: ಸೇತುವೆ ಕುಸಿಯುತ್ತಿದೆ, ಗಾಡಿಯಲ್ಲಿ ನೀವಿದ್ದೀರಿ, ಏನು ಮಾಡುತ್ತೀರಿ? ಯಾರಾದರೂ "ಹಾರುತ್ತೇನೆ" ಎಂದ ಕೂಡಲೇ ದಾಳ ಕೈಗೆ ಕೊಟ್ಟು, ಯಾವ ಅಂಕಿ ನೋಡಬೇಕೆಂದು ತೋರಿಸಿ. ನಿಯಮ ಬೇಕಾದಾಗ ಬೇಕಾದಷ್ಟೇ ಹೇಳಿಕೊಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲರೂ ತಾವಾಗಿಯೇ ಇಪ್ಪತ್ತು ಮುಖದ ದಾಳಕ್ಕೆ ಕೈಚಾಚುತ್ತಾರೆ.

ಮೌನವಾಗಿ ಕುಳಿತವರನ್ನು "ನೀವೂ ಏನಾದರೂ ಮಾಡಿ" ಎಂದು ಒತ್ತಾಯಿಸಬೇಡಿ. ಅವರ ಪಾತ್ರದ ಹೆಸರು ಹಿಡಿದು, ಎರಡೇ ದಾರಿಯಿರುವ ಪ್ರಶ್ನೆ ಕೇಳಿ: ಬಾಗಿಲ ಹಿಂದೆ ಹೆಜ್ಜೆ ಸದ್ದು ನಿಮಗೆ ಮಾತ್ರ ಕೇಳಿಸಿತು, ಉಳಿದವರಿಗೆ ಹೇಳುತ್ತೀರಾ, ಸುಮ್ಮನಿರುತ್ತೀರಾ? ಹೆಚ್ಚು ಮಾತಾಡುವವರೇ ಒಳ್ಳೆಯ ಆಟಗಾರರು ಎಂಬ ಭ್ರಮೆ ಬೇಡ. ಬಹುಕಾಲ ಉಳಿಯುವ ಗುಂಪಿಗೆ ಬೇಕಾದವರನ್ನು ಗುರುತಿಸಲು ನಾನು ನೋಡುವುದು ಒಂದೇ ಲಕ್ಷಣ: ಅವರು ಇನ್ನೊಬ್ಬರ ಪಾತ್ರದ ಬಗ್ಗೆ ಪ್ರಶ್ನೆ ಕೇಳುತ್ತಾರೆಯೇ? "ನಿನ್ನ ಅಣ್ಣ ಸಾಲ ಮಾಡಿದ್ದು ಏಕೆ?" ಎಂದು ಬೀಗಗಾರನನ್ನು ಕೇಳಿದವರನ್ನು ಬಿಡಬೇಡಿ, ಅವರಿಗೆ ಒಂದು ನಿಯಮವೂ ನೆನಪಿರದಿದ್ದರೂ ಚಿಂತೆಯಿಲ್ಲ.

ಹೇಳಿದ ಹೊತ್ತಿಗೆ ಮುಗಿಸಿ. ಕಥೆ ಅರ್ಧದಲ್ಲಿದ್ದರೆ ದೃಶ್ಯಗಳನ್ನು ಹಾರಿಸಿಯಾದರೂ ಅಂತ್ಯ ತಲುಪಿ. ಏಳಕ್ಕೆ ಮುಗಿಯುತ್ತದೆ ಎಂದು ಬಂದವರನ್ನು ಒಂಬತ್ತರವರೆಗೆ ಕೂರಿಸಿದರೆ ಅವರು ನಗುನಗುತ್ತಲೇ ಹೋಗುತ್ತಾರೆ, ಮುಂದಿನ ಸಲ ಬರುವುದಿಲ್ಲ.

ಹಂತ 7: ಮರುದಿನ ಕೇಳಿ, ಒಬ್ಬೊಬ್ಬರನ್ನೇ

ಆಟ ಮುಗಿದ ಕ್ಷಣದಲ್ಲಿ ಎಲ್ಲರ ಮುಖವೂ ಅರಳಿರುತ್ತದೆ. ಆಗ "ಮುಂದುವರಿಸೋಣವೇ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ, ಆರಂಭಶೂರತ್ವ ಹುಟ್ಟುವುದು ಆ ಗಳಿಗೆಯಲ್ಲೇ. ಒಂದು ರಾತ್ರಿ ಕಳೆಯಲಿ. ಮರುದಿನ ಬೇರೆಬೇರೆಯಾಗಿ ಸಂದೇಶ ಕಳುಹಿಸಿ: "ನಿನ್ನೆ ಬಂದದ್ದು ಸಂತೋಷವಾಯಿತು. ಎರಡು ವಾರಕ್ಕೊಮ್ಮೆ ಶನಿವಾರ 4ರಿಂದ 7, ಆರು ಭೇಟಿಗಳ ಒಂದು ಕಥೆ ಆರಂಭಿಸುತ್ತಿದ್ದೇನೆ. ನಿಮಗೆ ಹೊಂದುತ್ತದೆಯೇ? ಹೊಂದದಿದ್ದರೆ ಬೇಸರವಿಲ್ಲ, ಮತ್ತೊಮ್ಮೆ ಒಂದು ಸಂಜೆಯ ಆಟವಿದ್ದಾಗ ಕರೆಯುತ್ತೇನೆ." ನೋಡೋಣ, ಪ್ರಯತ್ನಿಸುತ್ತೇನೆ, ಸಾಧ್ಯವಾದರೆ ಎಂಬ ಉತ್ತರಗಳನ್ನೆಲ್ಲ ಇಲ್ಲ ಎಂದೇ ಓದಿಕೊಳ್ಳಿ.

ನಿಮಗೆ ಬೇಡವೆನಿಸಿದವರು? ಅವರಿಗೆ ಈ ಸಂದೇಶ ಹೋಗುವುದಿಲ್ಲ; ಒಂದು ಸಂಜೆಗೆ ಕರೆದಿದ್ದಿರಿ, ಆ ಸಂಜೆ ಮುಗಿಯಿತು. ಅವರಾಗಿ ಕೇಳಿದರೆ "ಈ ಸಲದ ಗುಂಪು ತುಂಬಿದೆ, ನಾವು ಆಡುವ ಬಗೆ ನಿಮಗೆ ಹೊಂದುವುದು ಕಷ್ಟ ಎನಿಸಿತು" ಎಂದು ನೇರವಾಗಿ ಹೇಳಿ. ಮೂವರು ಉಳಿದರೆ ಸಾಕು. ನಾಲ್ಕನೆಯ ಕುರ್ಚಿ ಖಾಲಿಯಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕೂರಿಸಬೇಡಿ.

ಹಂತ 8: ಸೆಷನ್ ಝೀರೋ

ಕಥೆ ಆರಂಭವಾಗುವ ಮೊದಲು, ಆಡದೆ ಮಾತಿಗೆಂದೇ ಸೇರುವ ಭೇಟಿ ಇದು. ಅನುಭವಿಗಳೂ ಇದನ್ನು ಬಿಟ್ಟುಬಿಡುವುದುಂಟು, ಆಮೇಲೆ ಐದನೆಯ ಭೇಟಿಯಲ್ಲಿ ಮುನಿಸು ಹೊಗೆಯಾಡುತ್ತದೆ.

ಮೊದಲು ಕಥೆಯ ಹದ: ನಗು ಹೆಚ್ಚೋ, ಗಾಂಭೀರ್ಯ ಹೆಚ್ಚೋ? ಪಾತ್ರಗಳು ಸಾಯಬಹುದೇ? ಒಂದೇ ಗುಂಪಿನ ಪಾತ್ರಗಳು ಪರಸ್ಪರ ಕದಿಯಬಹುದೇ, ಹೊಡೆಯಬಹುದೇ? ಈ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. "ನನ್ನ ಪಾತ್ರದ ಸ್ವಭಾವವೇ ಹಾಗೆ" ಎಂಬ ನೆಪದಲ್ಲಿ ಗೆಳೆಯರ ಚೀಲಕ್ಕೆ ಕೈಹಾಕುವ ಕಳ್ಳನಿಂದ ಆಗುವ ಹಾನಿ ಯಾವ ಡ್ರ್ಯಾಗನ್‌ನಿಂದಲೂ ಆಗದು. ಬದಲಾಗಿ ಪ್ರತಿ ಪಾತ್ರಕ್ಕೂ ಇನ್ನೊಂದು ಪಾತ್ರದೊಡನೆ ಹಳೆಯ ನಂಟೊಂದನ್ನು ಅಲ್ಲೇ ಕಟ್ಟಿ: ಒಂದೇ ಊರಿನವರು, ಸಾಲ ಕೊಟ್ಟ ಒಬ್ಬನಿಗೇ ಹೆದರುವವರು, ಒಮ್ಮೆ ಪ್ರಾಣ ಉಳಿಸಿದವರು. ಇವರು ಒಟ್ಟಿಗಿರುವುದೇಕೆ ಎಂಬ ಪ್ರಶ್ನೆಗೆ ಗೇಮ್ ಮಾಸ್ಟರ್ ಒಬ್ಬರೇ ಉತ್ತರ ಹೊಸೆಯಬೇಕಾದ ಕಷ್ಟ ತಪ್ಪುತ್ತದೆ.

ನಂತರ ಮಿತಿಗಳು. ಇದಕ್ಕೆ ಎರಡು ಸಾಧನಗಳು ಬಳಕೆಯಲ್ಲಿವೆ. ರಾನ್ ಎಡ್ವರ್ಡ್ಸ್ ಅವರಿಂದ ಬಂದ "ಲೈನ್ಸ್ ಅಂಡ್ ವೇಲ್ಸ್" ಪದ್ಧತಿಯಲ್ಲಿ ಎರಡು ಪಟ್ಟಿ ಮಾಡುತ್ತಾರೆ: ಕಥೆಯಲ್ಲಿ ಬರಲೇಬಾರದ ಸಂಗತಿಗಳು ಒಂದರಲ್ಲಿ, ನಡೆದರೂ ವರ್ಣಿಸದೆ ತೆರೆಮರೆಯಲ್ಲಿ ಬಿಡಬೇಕಾದವು ಇನ್ನೊಂದರಲ್ಲಿ. ಮಕ್ಕಳಿಗೆ ಆಗುವ ಹಿಂಸೆ, ಲೈಂಗಿಕ ದೌರ್ಜನ್ಯ, ಜೇಡ ಅಥವಾ ಹಾವುಗಳ ಭಯ, ಇತ್ತೀಚೆಗೆ ಮನೆಯಲ್ಲಿ ಆದ ಸಾವು, ಹೀಗೆ ಒಬ್ಬೊಬ್ಬರದು ಒಂದೊಂದು. ಕಾರಣ ಕೇಳಬಾರದು. ಎಲ್ಲರೆದುರು ಹೇಳಲು ಸಂಕೋಚಪಡುವವರು ನಿಮಗೆ ಖಾಸಗಿಯಾಗಿ ಬರೆಯಲಿ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್-ಕಾರ್ಡ್ ಇನ್ನೂ ಸರಳ: ಮೇಜಿನ ನಡುವೆ ಎಕ್ಸ್ ಬರೆದ ಒಂದು ಕಾರ್ಡ್ ಇರುತ್ತದೆ, ಆಟದ ನಡುವೆ ಯಾರಿಗಾದರೂ ಕಸಿವಿಸಿಯಾದರೆ ಅದನ್ನು ಮುಟ್ಟಿದರೆ ಸಾಕು, ಆ ಸಂಗತಿಯನ್ನು ಬಿಟ್ಟು ಕಥೆ ಮುಂದೆ ಸಾಗುತ್ತದೆ. ಇದರಿಂದ ಕಥೆ ಸಪ್ಪೆಯಾಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಕಂಡದ್ದು ಬೇರೆ: ಎಲ್ಲಿ ನಿಲ್ಲಿಸಬಹುದು ಎಂಬುದು ಗೊತ್ತಿರುವ ಮೇಜಿನಲ್ಲಿ ಜನ ಹೆಚ್ಚು ಧೈರ್ಯದಿಂದ ಆಡುತ್ತಾರೆ.

ಕೊನೆಗೆ ವ್ಯವಹಾರ. ಕನಿಷ್ಠ ಹಾಜರಿ ಎಷ್ಟು, ಬರಲಾಗದಿದ್ದರೆ ಎಷ್ಟು ಹೊತ್ತು ಮುಂಚೆ ತಿಳಿಸಬೇಕು, ಬಾರದವರ ಪಾತ್ರ ಏನಾಗುತ್ತದೆ (ಹಿನ್ನೆಲೆಗೆ ಸರಿಯುತ್ತದೆ, ಸಾಯುವುದಿಲ್ಲ, ಗಳಿಕೆಯಲ್ಲಿ ಪಾಲು ಸಿಗುತ್ತದೆ ಎಂಬುದು ಸುಖದ ನಿಯಮ), ಮೊಬೈಲ್ ಎಲ್ಲಿರಬೇಕು. ಕಥೆ ಎಷ್ಟು ಭೇಟಿಗೆ ಮುಗಿಯುತ್ತದೆ ಎಂಬುದನ್ನೂ ಇಲ್ಲೇ ಹೇಳಿ. ಆರರಿಂದ ಎಂಟು ಭೇಟಿ ಒಳ್ಳೆಯ ಅಳತೆ. ಅಂತ್ಯ ಕಣ್ಣಿಗೆ ಕಾಣುತ್ತಿದ್ದರೆ ಬಿಡಬೇಕೆನಿಸಿದವರೂ ಮುಗಿಸಿಯೇ ಹೋಗುತ್ತಾರೆ.

ಹಂತ 9: ನಡೆಸಿಕೊಂಡು ಹೋಗುವುದು

ಭೇಟಿಗೆ ಎರಡು ದಿನ ಮೊದಲು ಒಂದು ಸಂದೇಶ ಹೋಗಲಿ: ಶನಿವಾರ 4ಕ್ಕೆ, ಇದ್ದೀರಾ? ಅದರ ಜೊತೆಗೆ ಕಳೆದ ಸಲದ ಕಥೆಯ ಮೂರು ಸಾಲು. "ಆಡೋಣವೇ ಬೇಡವೇ" ಎಂಬ ಚರ್ಚೆ ಎಂದೂ ಏಳಬಾರದು. ಆಟ ಇದ್ದೇ ಇದೆ, ಬರುವವರು ಯಾರು ಎಂಬುದಷ್ಟೇ ಪ್ರಶ್ನೆ. ಮೂವರಿಗಿಂತ ಕಡಿಮೆಯಾದರೂ ಸಾಧ್ಯವಾದಷ್ಟು ರದ್ದು ಮಾಡದೆ ಬಂದವರೊಡನೆ ಬೇರೊಂದು ಚಿಕ್ಕ ಆಟ ಆಡಿ. ಶನಿವಾರ ಸಂಜೆ ಎಂದರೆ ಆಟ ಎಂಬ ರೂಢಿ ಮುರಿಯದಿರುವುದು ಕಥೆ ಮುಂದುವರಿಯುವುದಕ್ಕಿಂತ ಮುಖ್ಯ.

ಗೇಮ್ ಮಾಸ್ಟರ್ ದಣಿಯುವುದು ಗುಂಪುಗಳನ್ನು ಮುಗಿಸುವ ಇನ್ನೊಂದು ರೋಗ. ಕಥೆ ಸಿದ್ಧಪಡಿಸುವುದು, ಜಾಗ ಗೊತ್ತುಮಾಡುವುದು, ಸಂದೇಶ ಕಳುಹಿಸುವುದು, ನಿಯಮ ನೆನಪಿಡುವುದು ಎಲ್ಲವೂ ಒಬ್ಬರ ತಲೆಯ ಮೇಲೆ ಬಿದ್ದರೆ ಆರು ತಿಂಗಳಲ್ಲಿ ಉತ್ಸಾಹ ಬತ್ತುತ್ತದೆ. ಸಂದೇಶ ಒಬ್ಬರಿಗೆ, ಟಿಪ್ಪಣಿ ಬರೆಯುವುದು ಇನ್ನೊಬ್ಬರಿಗೆ, ನಿಯಮ ಹುಡುಕಿ ಹೇಳುವುದು ಮತ್ತೊಬ್ಬರಿಗೆ ಹಂಚಿ. ಒಂದು ಕಥೆ ಮುಗಿದ ಮೇಲೆ ಬೇರೊಬ್ಬರು ಒಂದು ಸಂಜೆಯ ಆಟ ನಡೆಸಲಿ. ಫಿಯಾಸ್ಕೊದಂತಹ, ಗೇಮ್ ಮಾಸ್ಟರ್ ಬೇಡದ ಆಟ ಈ ಬಿಡುವಿಗೆ ಹೇಳಿ ಮಾಡಿಸಿದಂತಿದೆ. ಎರಡನೆಯ ಗೇಮ್ ಮಾಸ್ಟರ್ ಇರುವ ಗುಂಪು ಮೊದಲನೆಯವರ ಜ್ವರಕ್ಕೆ, ವರ್ಗಾವಣೆಗೆ, ಮಗುವಿನ ಆಗಮನಕ್ಕೆ ಹೆದರಬೇಕಾಗಿಲ್ಲ.

ಜನ ಹೆಚ್ಚಾಗಿ ಯಾರ ಸಮಯವೂ ಕೂಡದಿದ್ದರೆ ಬೆನ್ ರಾಬಿನ್ಸ್ ಅವರ ವೆಸ್ಟ್ ಮಾರ್ಚಸ್ ಪದ್ಧತಿ ನೋಡಿ. ಅವರ ಆ ಕ್ಯಾಂಪೇನ್‌ನಲ್ಲಿ ನಿಗದಿತ ದಿನವೂ ಇರಲಿಲ್ಲ, ನಿಗದಿತ ತಂಡವೂ ಇರಲಿಲ್ಲ. ಹತ್ತಕ್ಕೂ ಹೆಚ್ಚು ಆಟಗಾರರು ಯಾರು ಹೊರಡುವುದು, ಯಾವ ದಿನ, ಕಾಡಿನ ಯಾವ ಭಾಗಕ್ಕೆ ಎಂದು ತಾವೇ ಗೊತ್ತುಮಾಡಿಕೊಂಡು ಗೇಮ್ ಮಾಸ್ಟರ್‌ಗೆ ತಿಳಿಸುತ್ತಿದ್ದರು. ಪ್ರತಿ ಪ್ರಯಾಣ ಆ ಸಂಜೆಯೇ ಊರಿಗೆ ಮರಳುವುದರೊಂದಿಗೆ ಮುಗಿಯುತ್ತಿತ್ತು. ನಾನು ಮೇಲೆ ದಿನದ ಬಗ್ಗೆ ಹೇಳಿದ್ದೆಲ್ಲಕ್ಕೂ ಇದು ವಿರುದ್ಧ ಎನಿಸಬಹುದು. ಆದರೆ ದಿನ ಗೊತ್ತುಮಾಡುವ ಹೊಣೆ ಆಟಗಾರರ ಮೇಲಿದೆ, ಯಾರೊಬ್ಬರು ಬಾರದಿದ್ದರೂ ಆಟ ನಿಲ್ಲದು ಎಂಬುದನ್ನು ಗಮನಿಸಿ. ಹೊಸ ಗುಂಪಿಗೆ ಇದು ಭಾರವಾದೀತು.

ಆನ್‌ಲೈನ್ ಗುಂಪಾದರೆ ಒಂದೆರಡು ವ್ಯತ್ಯಾಸ. ಆಟಗಾರರು ನಾಲ್ವರಿಗಿಂತ ಹೆಚ್ಚು ಬೇಡ, ಏಕೆಂದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳಿಸುವುದಿಲ್ಲ. ಪ್ರತಿ ಗಂಟೆಗೊಮ್ಮೆ ಐದು ನಿಮಿಷ ಬಿಡುವು ಕೊಡಿ. ಬಿಟ್ಟುಹೋಗುವುದು ಅಲ್ಲಿ ಒಂದು ಗುಂಡಿ ಒತ್ತಿದಷ್ಟು ಸುಲಭವಾದ್ದರಿಂದ ಒನ್-ಶಾಟ್‌ಗೆ ಬೇಕಾದ್ದಕ್ಕಿಂತ ಒಬ್ಬಿಬ್ಬರನ್ನು ಹೆಚ್ಚಾಗಿಯೇ ಕರೆಯಿರಿ.

ಹಂತ 10: ಹೋಗುವವರು, ಬರುವವರು

ಯಾರದ್ದಾದರೂ ನಡತೆ ತೊಂದರೆ ಕೊಡುತ್ತಿದ್ದರೆ ಆಟದೊಳಗೆ ಶಿಕ್ಷಿಸಬೇಡಿ. ಅವರ ಪಾತ್ರದ ಮೇಲೆ ಸಿಡಿಲು ಬೀಳಿಸಿದರೆ ಸಮಸ್ಯೆ ಹೊಸ ಪಾತ್ರದೊಡನೆ ಮರಳಿ ಬರುತ್ತದೆ. ಆಟದ ಹೊರಗೆ, ಇಬ್ಬರೇ ಇರುವಾಗ, ನಡೆದದ್ದನ್ನೇ ಹೆಸರಿಸಿ ಹೇಳಿ: "ಕಳೆದ ಸಲ ಮೂರು ಬಾರಿ ಅವರ ಮಾತನ್ನು ನಡುವೆ ತುಂಡರಿಸಿದಿರಿ." ತಿದ್ದಿಕೊಳ್ಳಲು ಒಂದು ಅವಕಾಶ ಕೊಡಿ. ಮತ್ತೆಯೂ ನಡೆದರೆ ಮುಂದಿನ ಭೇಟಿಗೆ ಬರಬೇಡಿ ಎಂದು ನೀವೇ ಹೇಳಬೇಕು. ಇದನ್ನು ಮುಂದೂಡಿದರೆ ಅವರು ಉಳಿಯುತ್ತಾರೆ, ಸದ್ದಿಲ್ಲದೆ ಬಿಟ್ಟುಹೋಗುವವರು ಒಳ್ಳೆಯ ಆಟಗಾರರು. ಯಾರನ್ನಾದರೂ ಬೆದರಿಸಿದ್ದು, ಮೈಮುಟ್ಟಿದ್ದು, ಗೊತ್ತಿದ್ದೂ ಮಿತಿ ದಾಟಿದ್ದು ಇಂತಹವಕ್ಕೆ ಎರಡನೆಯ ಅವಕಾಶವೂ ಬೇಡ.

ಹೋಗಬೇಕಾದವರಿಗೆ ದಾರಿ ಮುಕ್ತವಾಗಿರಲಿ. ಊರು ಬಿಡುವವರ ಪಾತ್ರಕ್ಕೆ ಕಥೆಯಲ್ಲಿ ಮರ್ಯಾದೆಯ ಬೀಳ್ಕೊಡುಗೆ ಕೊಡಿ. ರಜೆಯಲ್ಲಿ ಬಂದಾಗ ಒಂದು ಸಂಜೆ ಅದೇ ಪಾತ್ರವಾಗಿ ಕೂರಬಹುದು.

ಖಾಲಿಯಾದ ಜಾಗಕ್ಕೆ ಹೊಸಬರನ್ನು ನಡುಕಥೆಯಲ್ಲಿ ಎಳೆದು ತರಬೇಡಿ. ಹಳಬರಿಗೆ ತಮ್ಮದೇ ನಗೆಚಟಾಕಿಗಳು, ಹಳೆಯ ಶತ್ರುಗಳು, ಅರ್ಧವಾಕ್ಯದ ಸಂಕೇತಗಳು ಇರುತ್ತವೆ, ಹೊಸಬರು ಪರರ ಮದುವೆಗೆ ಬಂದವರಂತೆ ಕೂರಬೇಕಾಗುತ್ತದೆ. ಕಥೆ ಮುಗಿದ ಮೇಲಿನ ಒನ್-ಶಾಟ್‌ಗೆ ಕರೆಯಿರಿ, ಅಲ್ಲಿ ಎಲ್ಲರ ಪಾತ್ರಗಳೂ ಹೊಸವು. ಮರುದಿನ ಅವರನ್ನು ಕೇಳುವ ಮೊದಲು ಹಳಬರನ್ನು ಒಬ್ಬೊಬ್ಬರಾಗಿ ಕೇಳಿ. ಒಬ್ಬರು ಬೇಡ ಎಂದರೂ ಅಲ್ಲಿಗೆ ಬಿಡಿ. ಎಲ್ಲರೂ ಒಪ್ಪಿದರೆ ಮುಂದಿನ ಆರು ಭೇಟಿಗಳ ಕಥೆಗೆ ಹೊಸದಾಗಿ ಸೆಷನ್ ಝೀರೋ ನಡೆಸಿ, ಮಿತಿಗಳ ಪಟ್ಟಿಯನ್ನು ಮತ್ತೆ ಖಾಲಿ ಹಾಳೆಯಿಂದ ಬರೆಯಿರಿ. ಹಳಬರು ಇನ್ನೂ ಶನಿವಾರವೇ ಬೇಕೆನ್ನುತ್ತಾರೆಯೇ ಎಂಬುದನ್ನೂ ಆ ದಿನವೇ ಕೇಳಿಬಿಡಿ.